ಡ್ರಾಯರಿನಲ್ಲಿ ಉಳಿದ ರಾಜೀನಾಮೆ

ನೆಹರು ಗಂಜ್ ಮಾರುಕಟ್ಟೆಯಲ್ಲಿದ್ದ ಕಂಪನಿ ಕಚೇರಿಯ ಮಹಡಿ ಮೆಟ್ಟಿಲು ಹತ್ತುವಾಗಲೇ ಸಪ್ನಾಳ ತಲೆ ಕಾದಿತ್ತು. ಕಮಲಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ದಾರಿಯುದ್ದಕ್ಕೂ ಸುಧಾಕರನನ್ನು ಬೈಯಲು ಮಾತು ಜೋಡಿಸಿಕೊಂಡಿದ್ದಳು.

"ಬಾ ಸಪ್ನಾ," ಎಂದು ಅವನು ಎದ್ದು ನಿಂತ. ಹಾಳಾದವನು, ಮೂರು ವರ್ಷ ಕಳೆದರೂ ಹಾಗೇ ಕಣ್ಣರಳಿಸಿ ನೋಡುತ್ತಾನೆ!

"ಬಾ ಅನಬ್ಯಾಡ್ರಿ, ಬರ್ರಿ ಅನ್ರಿ. ಸರ್ಕಾರದ ದಾಖಲೆದಾಗ ನಾ ಇನ್ನೂ ನಿಮ್ಮ ಕಂಪನಿ ಡೈರೆಕ್ಟರ್ ಇದ್ದೀನಿ."

ಅವನ ಮುಖ ಇಳಿಯಿತು.

ನಾಲ್ಕು ವರ್ಷದ ಹಿಂದೆ ಕಮಲಾಪುರದ ಕೆಂಪು ಬಾಳೆ ಬೆಳೆಗಾರರು ಕಂಪನಿ ಕಟ್ಟಿದಾಗ ಇಬ್ಬರೂ ಡೈರೆಕ್ಟರಾಗಿದ್ದರು. ಕಚೇರಿ ನೋಡಿಕೊಳ್ಳುವವನು ಸುಧಾಕರ. ಮೊದಲ ಮೀಟಿಂಗ್ ಆದಮೇಲೆ, ಮತ್ತೆ ಮೀಟಿಂಗ್ ಕರೆಯುವ ಬದಲು ನಡಾವಳಿ ಪುಸ್ತಕವನ್ನೇ ಮನೆಮನೆಗೆ ಒಯ್ದು ಸಹಿ ಹಾಕಿಸುವುದು ಅವನ ರೂಢಿ. ಓದಿ ಸಹಿ ಮಾಡುತ್ತೇನೆ ಎಂದಳು ಸಪ್ನಾ. "ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದ ಅವನು. ಮದುವೆಯ ಮಾತು ಇನ್ನೇನು ಬಾಯಿಗೆ ಬರಬೇಕಿದ್ದ ದಿನಗಳವು. ಕಂಪನಿಗೆ ವರ್ಷ ತುಂಬುವಷ್ಟರಲ್ಲಿ ಜಗಳವಾಯಿತು. ರಾಜೀನಾಮೆ ಬರೆದು ಅವನ ಕೈಗಿಟ್ಟು ಹೊರಟಳು, ಅಲ್ಲಿಂದ ಮಾತೇ ಇಲ್ಲ.

"ಹತ್ತು ಹೆಣ್ಮಕ್ಕಳು ಸೇರಿ ಚಿಪ್ಸ್ ಕಂಪನಿ ಮಾಡಾಕತ್ತೀವಿ. ನನ್ನ ಹೆಸರು ಹಾಕಿದ್ರ ಅರ್ಜಿ ಮುಂದ ಹೋಗವಲ್ದು. ನೀವು ಮೂರು ವರ್ಷ ಕಂಪನಿ ವರದಿ ಸರ್ಕಾರಕ್ಕ ಸಲ್ಲಿಸಿಲ್ಲಂತ, ಅದಕ್ಕ ಡೈರೆಕ್ಟರ್ ಆದವ್ರೆಲ್ಲ ಐದು ವರ್ಷ ಅನರ್ಹರಂತ. ನಾ ಬಿಟ್ಟು ಹೋದ ಮ್ಯಾಲಿನ ತಪ್ಪಿಗಿ ನನಗ್ಯಾಕ್ರಿ ಶಿಕ್ಷೆ? ನನ್ನ ರಾಜೀನಾಮೆ ಎಲ್ಲಿ?"

ಸುಧಾಕರ ಡ್ರಾಯರ್ ಎಳೆದ. ಮಡಿಕೆಯಲ್ಲಿ ಸವೆದು ಹರಿಯಲು ಬಂದಿದ್ದ ಕಾಗದ. ಎಷ್ಟು ಸಲ ಬಿಚ್ಚಿ ಓದಿದ್ದನೋ.

"ಇದನ್ನ ಸರ್ಕಾರಕ್ಕ ಕಳಿಸಿದ್ರ ಡೈರೆಕ್ಟರ್ ಪಟ್ಟಿಯಿಂದ ನಿನ್ನ ಹೆಸರು ತೆಗಿತಿದ್ರು. ನಮ್ಮಿಬ್ಬರ ಹೆಸರು ಒಂದರ ಕೆಳಗೊಂದು ಇರೋದು ಆ ಪಟ್ಟಿದಾಗ ಮಾತ್ರ. ಮನಸ್ಸು ಬರಲಿಲ್ಲ."

"ನನ್ನ ರಾಜೀನಾಮೆ ಪ್ರೇಮಪತ್ರ ಅನ್ಕೊಂಡ್ರೇನು?" ಕೂಗಿದಳು. ಆ ಸವೆದ ಮಡಿಕೆ ಕಂಡು ಮನಸ್ಸು ಕರಗತೊಡಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಡೈರೆಕ್ಟರ್ ಅಂದ್ರ ಬರೇ ಹೆಸರಲ್ರಿ, ಜವಾಬ್ದಾರಿ. ನನ್ನ ರಾಜೀನಾಮೆ ಯಾವತ್ತು ತಗೊಂಡ್ರಿ, ಯಾಕ ಮುಚ್ಚಿಟ್ರಿ, ಎಲ್ಲಾ ಕಂಪನಿ ರಿಜಿಸ್ಟ್ರಾರರಿಗೆ ಬರೀರಿ."

"ಬರದ್ರ ನನ್ನ ಮ್ಯಾಲೆ ಕೇಸ್ ಆಗ್ತದ."

"ಆಗ್ಲಿ."

ಅವನು ಕೂತು ಬರೆದ. ಅವಳು ಒಂದೊಂದೇ ಅಕ್ಷರ ಓದಿದಳು. ರಾಜೀನಾಮೆ ತಲುಪಿದ ತಾರೀಖು ಇತ್ತು. ಅವಳು ಬಿಟ್ಟ ಮೇಲೂ ನಡಾವಳಿಯಲ್ಲಿ ಅವಳನ್ನು 'ಹಾಜರು' ಎಂದು ತಾನೇ ಬರೆದದ್ದೂ ಇತ್ತು. ಕೊನೆಯ ಸಾಲು: 'ಸಪ್ನಾ ಅವರು ಒಂದು ಸಭೆಗೂ ಬಂದಿಲ್ಲ, ಅವರಿಗೆ ಏನೂ ತಿಳಿದಿಲ್ಲ.'

ಪೆನ್ನು ಕಸಿದು ಆ ಸಾಲು ಹೊಡೆದು ಹಾಕಿದಳು.

"ಅದು ಇರಲಿ, ನಿನಗ ಛಲೋ," ಎಂದ ಗಾಬರಿಯಲ್ಲಿ.

"ಸುಳ್ಳು ಬ್ಯಾಡ. ಮೊದಲ್ನೇ ಮೀಟಿಂಗಿಗೆ ಬಂದಿದ್ದೆ. ನೀ ಬಾಳೆಹಣ್ಣು ಸುಲಿದು ಕೊಟ್ಟಿದ್ದಿ. ಅವತ್ತು ನಾನೂ ಏನೂ ಓದಲಿಲ್ಲ, ನಿನ್ನ ಮಾರಿ ನೋಡ್ಕೋತ ಸೈ ಮಾಡ್ದೆ. ಅದು ನನ್ನ ತಪ್ಪು ಅಂತನೂ ಬರಿ."

ಅವನು ಬರೆದು ಸಹಿ ಹಾಕಿದ. ಕಾಗದವನ್ನು ಚೀಲಕ್ಕಿಟ್ಟುಕೊಂಡು ಬಾಗಿಲ ತನಕ ಹೋದವಳು ನಿಂತಳು. ತಿರುಗಲಿಲ್ಲ.

"ಕೇಸಿನಿಂದ ತಪ್ಪಿಸ್ಕೋಬ್ಯಾಡ. ಎಲ್ಲಾ ಮುಗಿಸ್ಕೊಂಡು ಕಮಲಾಪುರಕ್ಕ ಬಾ."

"ಅಲ್ಲೀತನಕ ಕಾಯ್ತಿ ಏನು?"

"ಸಿಟ್ಟು ಇಳಿಯಾಕ ನನಗೂ ಟೈಮ್ ಬೇಕಲ್ಲ," ಎಂದು ದಡದಡ ಮೆಟ್ಟಿಲಿಳಿದಳು.