ತಾಯಮ್ಮನ ಮಂಚ

ನಂಬುವುದಾದರೆ ನಂಬಿ, ಬಿಡುವುದಾದರೆ ಬಿಡಿ. ನಾನು ಆತಿಫಾ, ಶಿಕಾರಿಪುರದವಳು. ಮೆಡಿಕಲ್ ಮೊದಲ ವರ್ಷದಲ್ಲಿ ನಮ್ಮನ್ನು ಸೊರಬದ ಕಡೆಯ ಒಂದು ವೃದ್ಧಾಶ್ರಮಕ್ಕೆ ಕರೆದೊಯ್ದರು. ರೋಗಿಯ ಕಷ್ಟ ಗೊತ್ತಾಗಲೆಂದು ಒಬ್ಬೊಬ್ಬರೂ ಒಂದು ಮಧ್ಯಾಹ್ನ ರೋಗಿಯ ಹಾಗೆ ಮಲಗಬೇಕಿತ್ತು. ನನಗೆ ಸಿಕ್ಕಿದ್ದು ಹಿಂದಿನ ದಿನ ತೀರಿಕೊಂಡ ತಾಯಮ್ಮನ ಮಂಚ. ದಿಂಬು ಇನ್ನೂ ಬೆಚ್ಚಗಿತ್ತು. ಹಾಸಿಗೆಯ ತಗ್ಗು ನನ್ನ ಮೈಯ ಅಳತೆ ತೆಗೆದು ಮಾಡಿದಂತಿತ್ತು.

ಆಯಾ ಮೀನಾ ಬಂದು ನನ್ನ ಎರಡೂ ಕೈಗಳನ್ನು ಹಳೇ ಸೀರೆಯ ಚೂರಿನಿಂದ ಮಂಚಕ್ಕೆ ಕಟ್ಟಿದಳು.

"ಮತ್ತೆ ಗ್ಲೂಕೋಸ್ ಪೈಪ್ ಕಿತ್ಕಬೇಡಿ, ತಾಯಮ್ಮ."

ನಾಟಕವೆಂದುಕೊಂಡು ನಕ್ಕೆ. ಸುಡುವ ಗಂಜಿಯನ್ನು ಬಾಯಿಗೆ ತುರುಕಿದಾಗ ಚೀರಿದೆ: "ನಾನು ಆತಿಫಾ ರೀ!"

"ಹೂಂ, ನಿನ್ನೆನೂ ಇದನ್ನೇ ಹೇಳಿದ್ರಿ."

ನಮ್ಮ ಕ್ಲಾಸಿನ ಅರ್ಫಾತ್ ಬಾಗಿಲಲ್ಲಿ ಇಣುಕಿದ. ಅವನ ಹೆಸರು ಹಿಡಿದು ಕೂಗಿದೆ. "ಪಾಪ, ಅಜ್ಜಿ" ಎಂದು ಹೊರಟುಹೋದ. ಸಂಜೆ ಬಸ್ಸು ಹೊರಟಿತು. ಅದರಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲವಂತೆ.

ಆಮೇಲೆ ಎಷ್ಟು ವರ್ಷ ಕಳೆಯಿತೋ. ಮೊನ್ನೆ ಹೊಸ ವಿದ್ಯಾರ್ಥಿಗಳನ್ನು ಕರೆತಂದ ಡಾಕ್ಟರು ಶಿಕಾರಿಪುರದವರು. ಹೆಸರು ಆತಿಫಾ. ನನ್ನ ನಾಡಿ ಹಿಡಿದರು. ಅಂಥ ಸೆಕೆಯಲ್ಲೂ ಅವರ ಬೆರಳು ತಣ್ಣಗೆ ಕೊರೆಯುತ್ತಿದ್ದವು. "ಈ ಅಜ್ಜಿ ಯಾರು ಬಂದ್ರೂ ನನ್ನ ಹೆಸರು ಹೇಳ್ತಾರೆ, ನಂಬಬೇಡಿ" ಎಂದು ಮಕ್ಕಳ ಕಡೆ ನೋಡಿ ನಕ್ಕು, ನನ್ನ ಕೈಯ ಗಂಟನ್ನು ತಾವೇ ಇನ್ನಷ್ಟು ಬಿಗಿದರು.