ಜನವರಿ ಮೂವತ್ತೊಂದಕ್ಕೆ ಒಂದು ತಿಂಗಳು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ನಿಂತ ಕೃತಿಕಾ ಬೆಳಿಗ್ಗೆ ಬಂದಿದ್ದ ಮೆಸೇಜನ್ನು ಮತ್ತೊಮ್ಮೆ ಓದಿಕೊಂಡಳು.

‘ನಿಮಗೆ ಮದುವೆ ಗೊತ್ತಾಯಿತೆಂದು ಕೇಳಿದೆ. ಅಭಿನಂದನೆಗಳು. ಈ ರಿಲೀಸ್ ಮುಗಿದ ಮೇಲೆ ನಾನು ತಂಡ ಬಿಡುತ್ತೇನೆ. ನನ್ನ ಭಾಗವನ್ನೂ ನೀವೇ ನೋಡಿಕೊಳ್ಳಿ. ಕಲ್ಲೇಶ್.’

ಮದುವೆ ಗೊತ್ತಾಗಿರಲಿಲ್ಲ. ಶಿರಾ ಕಡೆಯವರು ಬಂದು ನೋಡಿ ಒಪ್ಪಿ ಹೋಗಿದ್ದರು, ಅಷ್ಟೆ. ಇವಳ ಉತ್ತರವನ್ನು ಅಪ್ಪಾಜಿ ಈ ಸಂಜೆ ಅವರಿಗೆ ತಿಳಿಸಬೇಕಿತ್ತು. “ಮೀಟಿಂಗ್ ಮುಗೀಲಿ, ಹೇಳ್ತೀನಿ” ಎಂದು ಹೊರಟು ಬಂದಿದ್ದಳು. ಅವಳೂರು ಕಂದಿಕೆರೆಯಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಕ್ರಾಸಿನ ಕಲ್ಲೇಶನ ಕೊಬ್ಬರಿ ಅಂಗಡಿಯಲ್ಲಿ ಇನ್ವರ್ಟರ್ ಇತ್ತು, ಮೀಟಿಂಗಿಗೆ ಅಲ್ಲಿಗೇ ಬರಬೇಕಾಯಿತು.

‘ಗರಿ’ ಎಂಬ ಹೊಸ ಪ್ರೋಗ್ರಾಮಿಂಗ್ ಭಾಷೆಗೆ ದಿನಾಂಕ, ಸಮಯದ ಲೆಕ್ಕ ನೋಡಿಕೊಳ್ಳುವ ಭಾಗವನ್ನು ಕಟ್ಟುತ್ತಿದ್ದವರು ಐದು ಜನ. ಮೂವರು ಸಮುದ್ರದಾಚೆಯವರು. ಉಳಿದಿಬ್ಬರು ಚಿಕ್ಕನಾಯಕನಹಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುವ ಇವಳು ಮತ್ತು ಅಪ್ಪನ ಅಂಗಡಿ ನೋಡಿಕೊಳ್ಳುತ್ತ ಬಿಡುವಿನಲ್ಲಿ ಕೋಡ್ ಬರೆಯುವ ಅವನು. ಎರಡು ವರ್ಷದಿಂದ ಇಬ್ಬರೂ ಜಗಳವಾಡಿದ್ದೇ ಆಡಿದ್ದು. ಜಗಳವಿಲ್ಲದ ದಿನ ಕೃತಿಕಾಗೆ ಊಟ ಸೇರುತ್ತಿರಲಿಲ್ಲ. ಅದನ್ನವಳು ಯಾರಿಗೂ ಹೇಳಿರಲಿಲ್ಲ.

“ಬಾರವ್ವ, ಬಿಸಿಲಲ್ಲಿ ಬಂದಿದೀಯ,” ಎಂದು ಕಲ್ಲೇಶನ ತಾಯಿ ಶಿವರುದ್ರಮ್ಮ ಮಜ್ಜಿಗೆ ಕೊಟ್ಟರು. “ಲೇ ಕಲ್ಲೇಶ, ಆ ಫ್ಯಾನು ಇತ್ಲಾಗ್ ತಿರುಗ್ಸು.”

ಫ್ಯಾನು ಆಗಲೇ ಅವಳ ಕಡೆಗೆ ತಿರುಗಿತ್ತು. ಅಂಗಡಿಯ ಒಂದೇ ಒಂದು ಮೆತ್ತನೆಯ ಕುರ್ಚಿಯನ್ನು ಬಿಸಿಲು ಬೀಳದ ಕಡೆ ಅವಳಿಗಿಟ್ಟು, ಅವನು ಕೊಬ್ಬರಿ ಮೂಟೆಯ ಮೇಲೆ ಕೂತಿದ್ದ. ಲ್ಯಾಪ್‌ಟಾಪಿನ ವೈರು ಅವಳ ಕಾಲಿಗೆ ತೊಡರದಂತೆ ಗೋಡೆಯ ಪಕ್ಕಕ್ಕೆ ಸರಿಸಿದ. ಮುಖ ಮಾತ್ರ ಎತ್ತಲಿಲ್ಲ.

ಇಷ್ಟನ್ನೆಲ್ಲ ಗಮನಿಸುವವನಿಗೆ ಒಂದು ಮಾತು ಕೇಳಲು ಆಗಲಿಲ್ಲವೇ? ಅವಳ ಸಿಟ್ಟು ಇನ್ನಷ್ಟು ಏರಿತು.

ಪರದೆಯ ಮೇಲೆ ಮೂರು ಮುಖಗಳು ಮೂಡಿದವು. ತಂಡದ ಹಿರಿಯಳು ಲಿಸ್ಬನ್ನಿನ ಮಾರ್ತಾ ಇಂಗ್ಲಿಷಿನಲ್ಲಿ ನೇರ ವಿಷಯಕ್ಕೆ ಬಂದಳು. ಉಳಿದಿರುವುದು ಒಂದೇ ತಕರಾರು. ಜನವರಿ ಮೂವತ್ತೊಂದಕ್ಕೆ ಒಂದು ತಿಂಗಳು ಕೂಡಿಸೆಂದರೆ ಗರಿ ಏನು ಮಾಡಬೇಕು? ಫೆಬ್ರವರಿಯಲ್ಲಿ ಮೂವತ್ತೊಂದಿಲ್ಲ. ಇವತ್ತು ತೀರ್ಮಾನವಾಗಿ ಹೊರಬಿದ್ದರೆ ಆಮೇಲೆ ಬದಲಾಯಿಸುವಂತಿಲ್ಲ. ನೀವಿಬ್ಬರೂ ಏನು ಒಪ್ಪುತ್ತೀರೋ ಅದೇ ಸರಿ, ಎಂದಳು.

ಸದ್ದಿಲ್ಲದೆ ಫೆಬ್ರವರಿ ಇಪ್ಪತ್ತೆಂಟನ್ನು ಕೊಟ್ಟುಬಿಡಬೇಕು ಎಂಬುದು ಕಲ್ಲೇಶನ ವಾದ. ಹೆಚ್ಚಿನವರಿಗೆ ಬೇಕಾಗುವುದು ಅದೇ. ಗರಿ ಅಲ್ಲೇ ನಿಂತು, ಯಾವ ದಿನ ಬೇಕೆಂದು ಬಳಸುವವರನ್ನೇ ಕೇಳಬೇಕು ಎಂಬುದು ಕೃತಿಕಾಳದು.

ಅವಳು ಕೈ ಚಾಚಿ ಮೈಕು ಆಫ್ ಮಾಡಿದಳು.

“ಹೆಚ್ಚಿನವರಿಗೆ ಏನ್ ಬೇಕು ಅಂತ ನಿಮಗೆ ಹೆಂಗ್ ಗೊತ್ತು?”

“ಪ್ರತಿಯೊಂದಕ್ಕೂ ಅಡ್ಡಗಟ್ಟಿ ಕೇಳಿದ್ರೆ ಜನಕ್ಕೆ ಬೇಜಾರಾಗಲ್ವೇನ್ರೀ? ನಾವೇ ಅರ್ಥ ಮಾಡ್ಕೊಂಡು ಸರಿದುಕೊಂಡ್ರೆ ಅವರಿಗೂ ಹಗುರ.”

“ಯಾರಿಗ್ ಹಗುರ? ಫೆಬ್ರವರಿ ಇಪ್ಪತ್ತೆಂಟಕ್ಕೆ ಇನ್ನೊಂದು ತಿಂಗಳು ಕೂಡ್ಸಿ. ಮಾರ್ಚ್ ಇಪ್ಪತ್ತೆಂಟು. ಮಾರ್ಚಲ್ಲಿ ಮೂವತ್ತೊಂದು ಇತ್ತಲ್ಲ, ಅದೆಲ್ಲಿ ಹೋಯ್ತು? ನೀವು ಒಂದ್ಸಲ ಊಹೆ ಮಾಡಿ ಬಿಟ್ಟುಕೊಟ್ರಿ. ಅವರು ಕಳ್ಕೊಂಡದ್ದು ಅವರಿಗೇ ಗೊತ್ತಾಗ್ಲಿಲ್ಲ.”

ಕಲ್ಲೇಶ್ ಮೂಟೆಯ ಹುರಿ ಎಳೆಯುತ್ತ ಕೂತ. ಕಿವಿ ಕೆಂಪಾಗಿತ್ತು.

“ನಾವೀಗ ಫೆಬ್ರವರಿ ವಿಷ್ಯ ತಾನೇ ಮಾತಾಡ್ತಿರೋದು?”

“ಅದನ್ನೂ ನೀವೇ ಊಹೆ ಮಾಡ್ಕೊಳಿ. ಅಭಿನಂದನೆ ಕಳಿಸಿದ್ರಲ್ಲ ಬೆಳಿಗ್ಗೆ, ಅದಕ್ಕಿಂತ ಮುಂಚೆ ನನ್ನನ್ನ ಕೇಳಿದ್ರಾ?”

“ಕೊಬ್ಬರಿ ಹಾಕೋಕ್ ಬಂದಿದ್ದ ನಿಮ್ಮೂರ ಲಕ್ಷ್ಮಯ್ಯ ಹೇಳ್ದ, ಗಂಡಿನ ಕಡೆಯವರು ಒಪ್ಪಿದಾರೆ ಅಂತ.”

“ಅವರು ಒಪ್ಪಿದ್ರೆ ಮುಗೀತಾ?”

ಹೊರಗೆ ತಿಪಟೂರು ಬಸ್ಸು ಹಾರನ್ ಹೊಡೆಯಿತು. ಪರದೆಯ ಮೂಲೆಯಲ್ಲಿ ಮಾರ್ತಾ ಬರೆದಿದ್ದಳು: ನಿಮ್ಮ ದನಿ ಕೇಳುತ್ತಿಲ್ಲ. ಎಲ್ಲ ಸರಿ ಇದೆಯೇ?

ಕಲ್ಲೇಶ್ ಕೊನೆಗೂ ತಲೆ ಎತ್ತಿದ. ಎರಡು ವರ್ಷ ಪರದೆಯ ಮೇಲೆ ಚಿಕ್ಕದಾಗಿ ಕಂಡ ಕಣ್ಣುಗಳು ಇಷ್ಟು ಹತ್ತಿರದಲ್ಲಿ ಇಷ್ಟು ದಣಿದಿವೆ ಎಂದು ಅವಳು ಎಣಿಸಿರಲಿಲ್ಲ.

“ನಾನು ಕೇಳ್ಲಿಲ್ಲ, ನಿಜ,” ಎಂದ. “ನೀವು ಮಾತ್ರ ಕೇಳಿದ್ರಾ? ಇವನ ಮನಸ್ಸಲ್ಲಿ ಏನಿದೆ ಅಂತ? ಸುಮ್ಮನಿದಾನೆ, ಏನೂ ಇಲ್ಲ ಅಂತ ನೀವೂ ಅಂದ್ಕೊಂಡ್ಬಿಟ್ರಿ.”

ಕೃತಿಕಾ ಮಜ್ಜಿಗೆಯ ಲೋಟ ಕೆಳಗಿಟ್ಟಳು. ಅಡ್ಡಗಟ್ಟಿ ಕೇಳಬೇಕು ಎಂದು ತಿಂಗಳುಗಟ್ಟಲೆ ವಾದಿಸಿದವಳು ತಾನೇ. ಅವನು ಬಾಯಿ ಬಿಡಲಿ ಎಂದು ಕಾದು, ಬಿಡದೆ ಹೋದಾಗ ಬೇಡವೆಂದೇ ಲೆಕ್ಕ ಹಾಕಿದವಳೂ ತಾನೇ.

“ಸರಿ. ಈಗ ಕೇಳ್ತೀನಿ,” ಎಂದಳು. “ನನ್ನನ್ನ ಮದ್ವೆ ಆಗ್ತೀರಾ?”

ಅವನು ಎದ್ದು ಬಂದು ಮೈಕು ಆನ್ ಮಾಡಿ, ಇಂಗ್ಲಿಷಿನಲ್ಲಿ ಹೇಳಿದ: ನನ್ನ ಪಟ್ಟು ಬಿಟ್ಟಿದ್ದೇನೆ. ದಿನ ಸಿಗದಿದ್ದರೆ ಗರಿ ನಿಂತು ಕೇಳಲಿ. ತಂಡ ಬಿಡುತ್ತೇನೆ ಅಂದದ್ದನ್ನೂ ವಾಪಸ್ ತಗೊಂಡಿದ್ದೇನೆ.

ಮೂರು ಮುಖಗಳೂ ನಕ್ಕು ಚಪ್ಪಾಳೆ ತಟ್ಟಿದವು. ಪರದೆ ಖಾಲಿಯಾಯಿತು.

“ಅದು ಅವರಿಗೆ ಕೊಟ್ಟ ಉತ್ತರ,” ಎಂದಳು ಕೃತಿಕಾ. “ನಂಗೆ?”

“ಆಗ್ತೀನಿ ಕಣ್ರೀ,” ಎಂದ ಮೆಲ್ಲಗೆ. “ಹೋದ ವರ್ಷ ನೀವು ನನ್ನ ಕೋಡಲ್ಲಿ ನಲವತ್ತು ತಪ್ಪು ಹಿಡಿದ್ರಲ್ಲ, ಅವತ್ತಿಂದ್ಲೇ.”

ಅವಳು ನಗಬೇಕೆನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಪ್ಪಾಜಿ.

“ಮುಗೀತೇನವ್ವ? ಅವರು ಆಗ್ಲೇ ಎರಡ್ಸಲ ಫೋನ್ ಮಾಡವ್ರೆ. ಏನ್ ಹೇಳ್ಲಿ?”

“ಬೇಡ ಅಂತ ಹೇಳಿ ಅಪ್ಪಾಜಿ.”

“ಯಾಕವ್ವ? ಹುಡುಗ ಚೆನ್ನಾಗೇ ಅವ್ನಲ್ಲ.”

“ಅವನಲ್ಲಿ ಏನೂ ಕೊರತೆ ಇಲ್ಲ,” ಎಂದಳು.

ಕಲ್ಲೇಶ್ ಕೈ ಚಾಚಿದ. ಅವಳು ಅವನ ಮುಖ ನೋಡಿ ಫೋನು ಕೊಟ್ಟಳು. ಅವನು ನೆಟ್ಟಗೆ ನಿಂತು, ಆ ಕಡೆಯವರಿಗೆ ಕಾಣುವುದೇನೋ ಎಂಬಂತೆ ಅಂಗಿಗೆ ಅಂಟಿದ ನಾರನ್ನು ಕೊಡವಿಕೊಂಡ. ಒಳಬಾಗಿಲಲ್ಲಿ ಶಿವರುದ್ರಮ್ಮ ಸೆರಗು ಹಿಡಿದು ನಿಂತಿದ್ದರು.

“ನಮಸ್ಕಾರ ಯಜಮಾನ್ರೆ. ನಾನು ಕಿಬ್ಬನಹಳ್ಳಿ ಹಾಲಸ್ವಾಮಿಯವರ ಮಗ, ಕಲ್ಲೇಶ. ನಿಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು.”

“ಕೇಳಪ್ಪ.”

ಅವನು ಕೇಳಿದ. ಸುತ್ತಿಬಳಸದೆ, ಒಂದೇ ಉಸಿರಿಗೆ.

ಕೃತಿಕಾ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪಾಜಿ ಗಂಟಲು ಸರಿಮಾಡಿಕೊಂಡದ್ದು ಇಲ್ಲಿಗೂ ಕೇಳಿತು.

“ಇಂಥದ್ನೆಲ್ಲ ಫೋನಲ್ಲಿ ಕೇಳ್ತಾರೇನಪ್ಪ? ನಾಳೆ ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ಮನೆಗೆ ಬಾ.”