ಅರವತ್ತೈದರಲ್ಲಿ ನಿಂತ ಮುಳ್ಳು

ನವೆಂಬರ್ ಹನ್ನೊಂದರ ಮಂಗಳವಾರ ಬೆಳಗ್ಗೆ ಡ್ರಮ್‌ಹಾಲಿ ಠಾಣೆಗೆ ಬಂದ ಹೆಂಗಸು ಯಾರಿಗೂ ನಮಸ್ಕಾರ ಹೇಳಲಿಲ್ಲ. ಕೈಚೀಲದಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹೆಸರು ನೋರೀನ್ ಡೀನಿ. ದೇಶದ ಗಡಿಯಾಚೆ ಡೆರಿ ಊರಿನವಳು. ಅವಳ ಗಂಡ ಕಾಹಲ್ ಡೀನಿ ಗಡಿಯ ಈಚೆ, ಡೊನೆಗಾಲ್‌ನ ಮೀನು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಕ್ಟೋಬರ್ ಹದಿನಾಲ್ಕರ ಸಂಜೆ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟವನು ಆಲ್ಟ್‌ಬೇನ್ ತಿರುವಿನಲ್ಲಿ ಕಾರಿಗೆ ಡಿಕ್ಕಿಯಾಗಿ ಸತ್ತಿದ್ದ.

ಇನ್ಸ್‌ಪೆಕ್ಟರ್ ಮ್ಯಾನಸ್ ಹೆಗಾರ್ಟಿಗೆ ಆ ಕೇಸು ಮುಗಿದಂತೆಯೇ ಆಗಿತ್ತು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಅವನಿಗೆ ಆ ಬೆಳಗ್ಗೆ ನೆಗಡಿ, ಮೈಕೈ ನೋವು. ಚಹಾದ ಲೋಟ ಪಕ್ಕಕ್ಕೆ ಸರಿಸಿ, "ಕೂತ್ಕೊಳ್ಳಿ, ನೋರೀನ್," ಎಂದ.

"ಕೂರೋಕೆ ಬಂದಿಲ್ಲ. ನಿನ್ನೆ ಅವ್ನ ಹೆಲ್ಮೆಟ್ಟು, ಗ್ಲೌಸು ಈಸ್ಕೊಳ್ಳೋಕೆ ಗ್ಯಾರೇಜಿಗೆ ಹೋಗಿದ್ದೆ. ಬೈಕ್ ನೋಡ್ದೆ. ಅದರಲ್ಲಿರೋ ಸ್ಪೀಡೋಮೀಟರ್ ನಮ್ದಲ್ಲ."

"ನಿಮ್ದಲ್ಲ ಅಂದ್ರೆ?"

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಸ್ಪೀಡೋಮೀಟರ್ ಇತ್ತು. ಮೈಲಿಯ ಅಂಕಿಗಳು ದೊಡ್ಡವು. ಒಳಸುತ್ತಿನಲ್ಲಿ ಕಿಲೋಮೀಟರಿನವು ಸಣ್ಣವು, ಕೆಂಪು.

"ಇದು ಬೈಕಿನ ಜೊತೆ ಬಂದಿದ್ದು. ಡೆರಿಯಲ್ಲಿ ಎಲ್ಲ ಮೈಲಿ, ಇಲ್ಲಿ ಕಿಲೋಮೀಟರ್. ಈ ಕಡೆ ಕೆಲಸಕ್ಕೆ ಬರೋಕೆ ಶುರು ಮಾಡಿದ್ಮೇಲೆ ಕೆಂಪು ಅಂಕಿ ಅವ್ನ ಕಣ್ಣಿಗೆ ಕಾಣ್ತಿರ್ಲಿಲ್ಲ. ನಿಮ್ಮೋರೇ ಒಂದ್ಸಲ ದಂಡ ಹಾಕಿದ್ರು. ಅದಕ್ಕೆ ಇದನ್ನ ಬಿಚ್ಚಿ ಬರೀ ಕಿಲೋಮೀಟರ್‌ದು ಹಾಕ್ಕೊಂಡ. ಎರಡು ವರ್ಷ ಆಯ್ತು. ಈಗ ನೋಡಿದ್ರೆ ಬೈಕಲ್ಲಿ ಮತ್ತೆ ಮೈಲಿದು ಕೂತಿದೆ. ಹಳೇದು ನನ್ನ ಕೈಯಲ್ಲಿದೆ. ಹಾಗಾದ್ರೆ ಅದು ಯಾರ್ದು?"

ಹೆಗಾರ್ಟಿ ಕೇಸಿನ ಕಡತ ತೆರೆದ. ಡಿಕ್ಕಿಯ ಹೊಡೆತಕ್ಕೆ ಸ್ಪೀಡೋಮೀಟರಿನ ಮುಳ್ಳು ಅರವತ್ತೈದರಲ್ಲಿ ಸಿಕ್ಕಿಕೊಂಡಿದೆಯೆಂದು ವಾಹನ ತಜ್ಞನ ವರದಿ ಹೇಳಿತ್ತು. ಅರವತ್ತೈದು ಮೈಲಿಯೆಂದರೆ ನೂರೈದು ಕಿಲೋಮೀಟರು. ರಸ್ತೆಯ ಮಿತಿ ಎಂಬತ್ತು. ಮಳೆಯಲ್ಲಿ ರಸ್ತೆಯ ಮೇಲೆ ಟೈರಿನ ಗುರುತು ಉಳಿದಿರಲಿಲ್ಲ. ಹಾಗಾಗಿ ಸವಾರನ ಅತಿವೇಗವೇ ಕಾರಣವೆಂದು ಬರೆದು ಹೆಗಾರ್ಟಿಯೇ ರುಜು ಹಾಕಿದ್ದ.

"ಕಾಹಲ್ ಬೈಕ್ ಓಡಿಸೋದು ನೋಡಿ ಅವನ ಸ್ನೇಹಿತ್ರೆಲ್ಲ ನಗ್ತಿದ್ರು, ಹೆಣದ ಗಾಡಿ ಹಿಂದೆ ಹೋಗ್ತಿದ್ದೀಯೇನೋ ಅಂತ," ಎಂದಳು ನೋರೀನ್. "ಈಗ ಅವರೇ ನನ್ನ ಮುಖ ನೋಡಲ್ಲ. ಅಪ್ಪ ರೇಸ್ ಮಾಡಿ ಸತ್ತ ಅಂತ ಶಾಲೆಯಲ್ಲಿ ಯಾರೋ ಅಂದ್ರಂತೆ, ಮಗಳು ಶಾಲೆಗೇ ಹೋಗ್ತಿಲ್ಲ. ಬರ್ಕೊಳ್ಳಿ ದೂರು."

ಹೆಗಾರ್ಟಿ ಬರೆದುಕೊಂಡ.

ಅವಳು ಹೋದ ಮೇಲೆ ಕಾನ್‌ಸ್ಟೇಬಲ್ ಡರ್ವ್ಲಾ ಟಿನ್ನಿ ಅಪಘಾತದ ಸಂಜೆ ತಾನೇ ತೆಗೆದಿದ್ದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದಳು. ಒಂದರಲ್ಲಿ ಮಾತ್ರ ಸ್ಪೀಡೋಮೀಟರ್ ಕಾಣುತ್ತಿತ್ತು. ಒಡೆದ ಗಾಜಿನ ಮೇಲೆ ಟಾರ್ಚಿನ ಬೆಳಕು ಬಿದ್ದು ಅಂಕಿಗಳೆಲ್ಲ ಅಳಿಸಿಹೋಗಿದ್ದವು.

"ಏನೂ ಓದೋಕಾಗಲ್ಲ ಸಾರ್."

"ಅಂಕಿ ಬಿಡು. ಮುಳ್ಳು ಎಲ್ಲಿದೆ?"

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಮುಳ್ಳು ಎಡಗಡೆಗೆ ಒರಗಿತ್ತು. ಅದರ ಪಕ್ಕದಲ್ಲಿ ತಜ್ಞನ ವರದಿಯ ಫೋಟೋ ಇಟ್ಟಳು. ಅದರಲ್ಲಿ ಮುಳ್ಳು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ನಿಂತಿತ್ತು. ಕಿಲೋಮೀಟರಿನ ಸ್ಪೀಡೋಮೀಟರಿನಲ್ಲಿ ಅಂಕಿಗಳು ಇನ್ನೂರಿಪ್ಪತ್ತರವರೆಗೆ ಹೋಗುತ್ತವೆ, ಅರವತ್ತೈದು ಎಡಗಡೆಗೇ ಬರುತ್ತದೆ. ನೂರನಲವತ್ತರವರೆಗಿನ ಮೈಲಿಯದರಲ್ಲಿ ಅದು ಅರ್ಧದ ಹತ್ತಿರ, ಮೇಲೆ.

"ಇಷ್ಟು ದಿನ ಎರಡೂ ಫೋಟೋ ನಮ್ಮ ಹತ್ರಾನೇ ಇತ್ತು," ಎಂದಳು ಡರ್ವ್ಲಾ.

"ಇತ್ತು. ತಜ್ಞನಿಗೆ ಫೋನ್ ಮಾಡು."

ತಜ್ಞ ಬೈಕನ್ನು ನೋಡಿದ್ದು ಅಕ್ಟೋಬರ್ ಇಪ್ಪತ್ತರಂದು. ಆಗಲೇ ಅದರಲ್ಲಿ ಮೈಲಿಯ ಸ್ಪೀಡೋಮೀಟರ್ ಇತ್ತು. ಡೆರಿಯ ನಂಬರ್ ಪ್ಲೇಟಿನ ಬೈಕಿನಲ್ಲಿ ಮೈಲಿ ಇರುವುದನ್ನು ಅನುಮಾನಿಸಲು ಅವನಿಗೆ ಕಾರಣವಿರಲಿಲ್ಲ. ಅಪಘಾತದಿಂದ ಆ ದಿನದವರೆಗೆ ಬೈಕು ಯೂನನ್ ಮೆಕ್‌ಫ್ಯಾಡನ್‌ನ ಗ್ಯಾರೇಜಿನ ಅಂಗಳದಲ್ಲಿತ್ತು. ಜಜ್ಜಿಹೋದ ಗಾಡಿಗಳನ್ನು ಎಳೆದು ತಂದು ಠಾಣೆಯ ಪರವಾಗಿ ಇಟ್ಟುಕೊಳ್ಳುವವನು ಅವನೇ. ಬೈಕಿಗೆ ಸೀಲು ಹಾಕಬೇಕಿತ್ತು. ಹಾಕಿರಲಿಲ್ಲ.

ಯೂನನ್ ಮತ್ತು ಹೆಗಾರ್ಟಿ ಒಂದೇ ಶಾಲೆಯಲ್ಲಿ ಓದಿದವರು. ಅಂಚೆಯವನನ್ನೂ ಅಂಗಡಿಯ ಮೇರಿಯನ್ನೂ ಪಂಚರಾಗಿ ಕರೆದುಕೊಂಡು ಮಧ್ಯಾಹ್ನ ಮಹಜರು ಶುರು ಮಾಡಿದರು. ಕಾಹಲ್‌ನ ಬೈಕಿನ ಸ್ಪೀಡೋಮೀಟರ್ ಕೂರಿಸಿದ್ದ ಎರಡು ಸ್ಕ್ರೂಗಳು ಹೊಸವು. ಸುತ್ತಲಿನ ತಗಡೆಲ್ಲ ತುಕ್ಕು. ಅಂಗಳದ ಹಿಂಬದಿಯಲ್ಲಿ, ಟಾರ್ಪಾಲಿನ ಕೆಳಗೆ, ಅದೇ ಕಂಪನಿಯ ಹಳೆಯ ಬೈಕೊಂದಿತ್ತು. ಅದಕ್ಕೂ ಡೆರಿ ಕಡೆಯ ಪ್ಲೇಟು. ಸ್ಪೀಡೋಮೀಟರ್ ಇರಬೇಕಾದಲ್ಲಿ ಕೇಬಲ್ಲಿನ ತುದಿಯೊಂದು ನೇತಾಡುತ್ತಿತ್ತು.

ಯೂನನ್ ಎಣ್ಣೆ ಕೈಯನ್ನು ಒರೆಸಿಕೊಳ್ಳುತ್ತ ನಿಂತಿದ್ದ.

"ಈ ಬೈಕಿನ ಸ್ಪೀಡೋಮೀಟರ್ ಎಲ್ಲಿ?" ಹೆಗಾರ್ಟಿ ಕೇಳಿದ.

"ಯಾರಿಗೋ ಮಾರಿರ್ತೀನಿ."

"ಯಾರಿಗೆ?"

"ನೆನಪಿಲ್ಲ ಮಾರಾಯ. ಗುಜರಿ ಸಾಮಾನು, ನೂರು ಜನ ಬರ್ತಾರೆ."

"ಯೂನನ್, ಕಾಹಲ್ ಡೀನಿಯ ಹಳೇ ಸ್ಪೀಡೋಮೀಟರ್ ಅವನ ಹೆಂಡತಿ ಹತ್ರ ಇದೆ. ಬೆಳಗ್ಗೆ ತಂದು ನನ್ನ ಮೇಜಿನ ಮೇಲಿಟ್ಟಳು."

ಯೂನನ್ ಕೈ ಒರೆಸುವುದನ್ನು ನಿಲ್ಲಿಸಿದ. ಆಮೇಲೆ ಒಳಗೆ ಹೋಗಿ, ನಾಯಿಯ ತಿಂಡಿ ತುಂಬಿದ ಚೀಲದಲ್ಲಿ ಮೊಣಕೈವರೆಗೆ ಕೈ ಹಾಕಿ, ಸ್ಪೀಡೋಮೀಟರ್ ಒಂದನ್ನು ಹೊರಗೆಳೆದ. ಗಾಜು ಒಡೆದಿತ್ತು. ಕಿಲೋಮೀಟರಿನದು. ಮುಳ್ಳು ಅರವತ್ತೈದರಲ್ಲಿ ನಿಂತಿತ್ತು.

"ಎಸೀಬೇಕು ಅಂತ ಎರಡು ಸಲ ಕೆರೆ ತನಕ ಹೋದೆ," ಎಂದ. "ಆಗ್ಲಿಲ್ಲ."

"ಯಾಕೆ ಮಾಡ್ದೆ?"

"ನಿಮ್ಮ ತನಿಖೆ ಕೆಡಿಸೋಕೆ ಮಾಡಿದ್ದಲ್ಲ ಅದು, ಮ್ಯಾನಸ್. ಕನ್ಸೆಪ್ಟಾಗೆ ತೋರಿಸೋಕೆ ಮಾಡಿದ್ದು."

ಕನ್ಸೆಪ್ಟಾ ಬಾಯ್ಸ್ ಆ ಕಣಿವೆಯ ನರ್ಸು. ಮನೆಮನೆಗೆ ಹೋಗಿ ಮುದುಕರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುತ್ತಿದ್ದವಳು. ಅಂದು ಅಡ್ಡರಸ್ತೆಯಿಂದ ಕಾಹಲ್‌ನ ಮುಂದಕ್ಕೆ ಬಂದ ಕಾರು ಅವಳದು. ಹಿಂದಿನ ರಾತ್ರಿಯೆಲ್ಲ ರೋಗಿಯೊಬ್ಬನ ಪಕ್ಕ ಕೂತು, ಹಗಲೂ ನಿದ್ದೆ ಮಾಡದೆ ಮನೆಗೆ ಹೊರಟಿದ್ದಳು.

"ನನ್ನ ಹೆಂಡತಿ ಸೂಸಿ ಸಾಯೋವಾಗ ಐದು ತಿಂಗಳು ದಿನಾ ಬಂದಳು ಅವಳು," ಎಂದ ಯೂನನ್. "ಕೊನೇ ದಿನ ಸೂಸಿ ತಲೆ ಬಾಚಿದ್ದೂ ಅವಳೇ. ಅಪಘಾತ ಆದ ಮಾರನೇ ದಿನದಿಂದ ಇಲ್ಲಿಗೆ ಬಂದು ಬೈಕ್ ಮುಂದೆ ನಿಂತ್ಕೊಳ್ಳೋಳು. ಮಾತಿಲ್ಲ. ಚಹಾ ಕೊಟ್ರೆ ಕೈಯಲ್ಲಿ ಹಿಡ್ಕೊಂಡು ತಣ್ಣಗಾಗೋ ತನಕ ನಿಲ್ಲೋಳು. ಮೈ ನೋಡಿದ್ರೆ ಊಟ ಬಿಟ್ಟಿದ್ದಾಳೆ ಅಂತ ಗೊತ್ತಾಗ್ತಿತ್ತು. ಕೆಲಸಕ್ಕೂ ಹೋಗ್ಲಿಲ್ಲ. ನಾನು ಕೊಂದೆ ಅಂತ ಒಂದೇ ಮಾತು ಹೇಳಿದ್ಳು, ನಾಕನೇ ದಿನ. ಅವತ್ತು ಸಂಜೆ ಬದಲಾಯಿಸ್ದೆ. ಗಾಜು ಒಡೆದು, ಮುಳ್ಳನ್ನ ಅದೇ ಅರವತ್ತೈದಕ್ಕೆ ಒತ್ತಿ ಕೂರಿಸ್ದೆ. ಮಾರನೇ ದಿನ ಬಂದಾಗ ತೋರ್ಸಿ, ನೋಡು, ಅವನು ಹುಚ್ಚನ ಹಾಗೆ ಬರ್ತಿದ್ದ, ನೀನೇನು ಮಾಡೋಕಾಗ್ತಿತ್ತು ಅಂದೆ."

"ಏನಂದ್ಳು?"

"ಬ್ರೆಡ್ಡು ತಿಂದ್ಳು."

"ಆಮೇಲೆ ವಾಪಸ್ ಹಾಕ್ಬಹುದಿತ್ತಲ್ಲ?"

"ಹಾಕೋಣ ಅಂತಿದ್ದೆ. ಬೆಳಗ್ಗೆ ಎದ್ದು ಬಾಗಿಲು ತೆಗೆದ್ರೆ ನಿಮ್ಮ ತಜ್ಞ ಕ್ಯಾಮೆರಾ ಹಿಡ್ಕೊಂಡು ಅಂಗಳದಲ್ಲಿದ್ದ." ಯೂನನ್ ಮುಖವನ್ನು ತೋಳಿನಿಂದ ಒರೆಸಿಕೊಂಡ. "ಅವನ ಹೆಂಡತಿ ನಿನ್ನೆ ಇಲ್ಲಿಗೆ ಬಂದಾಗ ಹೆಲ್ಮೆಟ್ ನಾನೇ ಕೊಟ್ಟೆ. ಥ್ಯಾಂಕ್ಸ್ ಅಂದಳು. ಸತ್ತೋನು ಸತ್ತ, ಅವನಿಗೇನು ನಷ್ಟ ಅಂದ್ಕೊಂಡಿದ್ದೆ ನಾನು."

ಸಾಕ್ಷ್ಯ ತಿರುಚಿದ ಆರೋಪದ ಮೇಲೆ ಯೂನನ್ ಮೆಕ್‌ಫ್ಯಾಡನ್‌ನನ್ನು ಬಂಧಿಸುತ್ತಿರುವುದಾಗಿ ಹೆಗಾರ್ಟಿ ಹೇಳಿದ. ಹೇಳಬೇಕಾದ ಸಾಲುಗಳನ್ನು ಪೂರ್ತಿ ಹೇಳಿದ, ಒಂದನ್ನೂ ಬಿಡಲಿಲ್ಲ. ಪಂಚರು ರುಜು ಹಾಕಿದರು. ಅಂಗಡಿಯ ಮೇರಿ ಅಳುತ್ತಿದ್ದಳು. ಡರ್ವ್ಲಾ ಯೂನನ್‌ನನ್ನು ಠಾಣೆಗೆ ಕರೆದೊಯ್ದಳು. ಹೆಗಾರ್ಟಿ ಗ್ಯಾರೇಜಿನ ಬಾಗಿಲಿಗೆ ಸೀಲು ಹಾಕಿ, ಕನ್ಸೆಪ್ಟಾಳನ್ನು ಹುಡುಕಿಕೊಂಡು ಒಬ್ಬನೇ ಹೊರಟ.

ಅವಳು ಕಣಿವೆಯ ಮೇಲ್ತುದಿಯ ಮನೆಯೊಂದರಲ್ಲಿ ಮುದುಕನೊಬ್ಬನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದಳು. ಕೆಲಸಕ್ಕೆ ಮರಳಿ ಎರಡು ವಾರವಾಗಿತ್ತು. ಹೆಗಾರ್ಟಿ ಟೋಪಿ ತೆಗೆದು ಬಾಗಿಲಲ್ಲಿ ನಿಂತ. ಹೇಗೆ ಶುರು ಮಾಡಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದನ್ನೆಲ್ಲ ಬಿಟ್ಟು, ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ; ಅವನು ಇಬ್ಬರ ಮುಖವನ್ನೂ ನೋಡಿ ನಗುತ್ತಿದ್ದ.

"ಅರವತ್ತೈದು ಕಿಲೋಮೀಟರಾ?" ಕನ್ಸೆಪ್ಟಾ ಕೇಳಿದಳು.

"ಹೌದು."

"ಅಂದ್ರೆ ನಿಧಾನವಾಗೇ ಬರ್ತಿದ್ದ."

"ಹೌದು."

"ಮೊದಲ ದಿನಾನೇ ಹೇಳಿದ್ದೆ ನಿಮಗೆ, ನಾನು ಆ ಕಡೆ ನೋಡ್ಲೇ ಇಲ್ಲ ಅಂತ. ಗಾಬರಿಯಲ್ಲಿ ಹೇಳ್ತಿದ್ದೀಯ ಅಂದ್ರಿ."

"ಅಂದಿದ್ದೆ," ಎಂದ ಹೆಗಾರ್ಟಿ. "ಈಗ ಠಾಣೆಗೆ ಬಂದು ಅದನ್ನೇ ಇನ್ನೊಮ್ಮೆ ಹೇಳ್ಬೇಕಾಗುತ್ತೆ. ಮುಂದೆ ನಿಮ್ಮ ಮೇಲೂ ಕೇಸಾಗಬಹುದು."

"ಹೇಳ್ತೀನಿ. ಯೂನನ್‌ಗೆ ರಕ್ತದೊತ್ತಡದ ಮಾತ್ರೆ ಸಂಜೆ ಕೊಡ್ಬೇಕು, ಅವನ ಅಡುಗೆಮನೆ ಕಿಟಕೀಲಿ ಇರುತ್ತೆ. ಮರೀಬೇಡಿ." ಪಟ್ಟಿ ಸುತ್ತುತ್ತಿದ್ದ ಕೈ ಒಂದು ಕ್ಷಣ ನಿಂತಿತು. "ಆ ಹೆಂಗಸಿಗೆ ಹೇಳಿದ್ರಾ?"

"ವರದಿ ತಿದ್ದಿ, ನಾಳೆ ನಾನೇ ಡೆರಿಗೆ ಹೋಗಿ ಹೇಳೋಣ ಅಂತಿದ್ದೆ."

"ನಾಳೆ ಯಾಕೆ? ಇವತ್ತೇ ಹೋಗಿ. ಇನ್ನೊಂದು ರಾತ್ರಿ ಅವಳು ಹಾಗೇ ಮಲಗೋದು ಬೇಡ. ನಾನು ಇವರ ಕಾಲು ಮುಗಿಸಿ, ನಾನೇ ಠಾಣೆಗೆ ಬರ್ತೀನಿ. ಕಾರಿಲ್ಲ ನನಗೆ, ನಡ್ಕೊಂಡು ಬರ್ಬೇಕು. ಸ್ವಲ್ಪ ತಡ ಆಗುತ್ತೆ."

ಹೆಗಾರ್ಟಿ ಕಾಯುತ್ತೇನೆಂದ. ಅವಳು ಬೇಡವೆಂದು ತಲೆಯಾಡಿಸಿ, ಮುದುಕನ ಕಾಲನ್ನು ತನ್ನ ಮಡಿಲ ಮೇಲಕ್ಕೆ ಎತ್ತಿಕೊಂಡಳು.